ಶುಶ್ರೂಷೆಗೆ ಮಾಹಿತಿಯ ಬಲ: ದಾದಿಯ ದಾಖಲೆ ನಡೆದು ಬಂದ ದಾರಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನೀವು ನೋಡಿರಬಹುದು. ಅಂಗಳದ ತುಂಬ ಕೆಂಪು ಚೀಲಗಳು. ಪ್ರತಿ ರೈತನ ಸರಕಿಗೂ ಒಂದು ಲಾಟ್ ಸಂಖ್ಯೆ. ಖರೀದಿದಾರ ಬೆಲೆ ಕೂಗುವುದಾಗಲಿ, ಕಂಪ್ಯೂಟರಿನಲ್ಲಿ ನಮೂದಿಸುವುದಾಗಲಿ ಆ ಸಂಖ್ಯೆಗೇ. ಸಂಖ್ಯೆಯ ಚೀಟಿ ಕಳೆದುಹೋದರೆ ಕಾಯಿ ಎಷ್ಟೇ ಒಳ್ಳೆಯದಾಗಿರಲಿ, ಅದು ಯಾರದು, ಅದಕ್ಕೆ ಬಂದ ಬೆಲೆ ಎಷ್ಟು ಎಂಬುದು ತಿಳಿಯದು. ಚೀಲ ಮತ್ತು ಅದರ ಮಾಹಿತಿ ಎರಡೂ ಒಟ್ಟಿಗೆ ಇದ್ದಾಗ ಮಾತ್ರ ವ್ಯವಹಾರ ಸುಗಮ.

ಈಗ ಅದೇ ತಾಲ್ಲೂಕಿನ ಇನ್ನೊಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಕಾಗಿನೆಲೆ ಕಡೆಯ ಒಂದು ಹಳ್ಳಿಯ ತುಂಬು ಗರ್ಭಿಣಿ ಸಂಜೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾಳೆ. ರಾತ್ರಿ 8 ಗಂಟೆಗೆ ಅವಳ ರಕ್ತದೊತ್ತಡ 130/84. 10 ಗಂಟೆಗೆ 160/110, ಜೊತೆಗೆ ತಲೆನೋವು. ದಾದಿ ವೈದ್ಯರ ಸೂಚನೆಯಂತೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟು, 108 ವಾಹನದಲ್ಲಿ ಹಾವೇರಿಯ ಜಿಲ್ಲಾಸ್ಪತ್ರೆಗೆ ಕಳುಹಿಸುತ್ತಾಳೆ. ಅಲ್ಲಿ ಅವಳನ್ನು ಬರಮಾಡಿಕೊಳ್ಳುವ ದಾದಿಯ ಕೈಯಲ್ಲಿರುವುದು ಒಂದು ಚೀಟಿ. ಅದರಲ್ಲಿ 'ಬಿ.ಪಿ. ಜಾಸ್ತಿ, ಮುಂದಿನ ಚಿಕಿತ್ಸೆಗೆ ಕಳಿಸಿದೆ' ಎಂದಷ್ಟೇ ಇದ್ದರೆ? ಒತ್ತಡ ಎಷ್ಟು ಹೊತ್ತಿನಲ್ಲಿ ಏರಿತು? ಚುಚ್ಚುಮದ್ದು ಕೊಟ್ಟಿದ್ದಾರೆಯೆ, ಎಷ್ಟು, ಎಷ್ಟು ಗಂಟೆಗೆ? ಕೊಟ್ಟಿಲ್ಲವೆಂದು ಭಾವಿಸಿ ಮತ್ತೆ ಕೊಟ್ಟರೆ ಅಪಾಯ. ಈ ಔಷಧ ಹೆಚ್ಚಾದರೆ ಮೊದಲು ಮಂಡಿಯ ಪ್ರತಿವರ್ತನೆ ಇಲ್ಲವಾಗುತ್ತದೆ, ಬಳಿಕ ಉಸಿರಾಟವೇ ನಿಲ್ಲಬಹುದು. ಕೊಟ್ಟಿದ್ದಾರೆಂದು ಭಾವಿಸಿ ಬಿಟ್ಟರೂ ಅಪಾಯ. ತಾಯಿಗೆ ಸೆಳವು ಬರಬಹುದು.

ಔಷಧ ಇತ್ತು, ವಾಹನ ಇತ್ತು, ದಾದಿಯರಿಬ್ಬರೂ ಬಲ್ಲವರು. ಕೊರತೆಯಾದದ್ದು ಮಾಹಿತಿ ಮಾತ್ರ. ಈ ಕೊರತೆಯನ್ನು ನೀಗಿಸುವ ಶಾಸ್ತ್ರಕ್ಕೆ 'ಶುಶ್ರೂಷಾ ಮಾಹಿತಿ ವಿಜ್ಞಾನ' ಅಥವಾ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಎಂದು ಹೆಸರು. ಹೆಸರು ಹೊಸದು, ಆದರೆ ವಿಚಾರ ಕಂಪ್ಯೂಟರಿಗಿಂತ ಹಳೆಯದು. ಅದರ ಕಥೆಯನ್ನು ಮೊದಲಿನಿಂದ ನೋಡೋಣ.

ಮೂರು ಪುಸ್ತಕ, ಮೂರು ಲೆಕ್ಕ

ಫ್ಲಾರೆನ್ಸ್ ನೈಟಿಂಗೇಲ್ (1820–1910) ಎಂದರೆ ನಮಗೆ ನೆನಪಾಗುವುದು ಕೈಯಲ್ಲಿ ದೀಪ ಹಿಡಿದ ಮಹಿಳೆ. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು ಎಂಬುದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು ಆಕೆ ತುರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದಾಗ ಅಲ್ಲಿ ಸತ್ತವರ ಲೆಕ್ಕವನ್ನು ಮೂರು ಬೇರೆ ಬೇರೆ ಪುಸ್ತಕಗಳಲ್ಲಿ ಇಡುತ್ತಿದ್ದರು. ಮೂರೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಎಷ್ಟು ಜನ ಸತ್ತರು ಎಂದೇ ತಿಳಿಯದಿದ್ದರೆ ಏಕೆ ಸತ್ತರು ಎಂದು ತಿಳಿಯುವುದು ಹೇಗೆ?

ಯುದ್ಧದಿಂದ ಮರಳಿದ ಮೇಲೆ ಆಕೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಆ ದಾಖಲೆಗಳನ್ನು ಜಾಲಾಡಿದಳು. ಗುಂಡು ಕತ್ತಿಗಳ ಗಾಯಕ್ಕಿಂತ ಹಲವು ಪಟ್ಟು ಹೆಚ್ಚು ಸೈನಿಕರು ಸತ್ತದ್ದು ಕೊಳಕಿನಿಂದ ಹರಡಿದ ರೋಗಗಳಿಂದ ಎಂಬುದು ಸ್ಪಷ್ಟವಾಯಿತು. ಇದನ್ನು ಮಂತ್ರಿಗಳಿಗೂ ಅರ್ಥವಾಗುವಂತೆ 1858ರಲ್ಲಿ ಬಣ್ಣದ ವೃತ್ತಾಕಾರದ ನಕ್ಷೆಯಲ್ಲಿ ತೋರಿಸಿದಳು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡಿತು.

ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೇನಾ ನೆಲೆಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಒಟ್ಟುಗೂಡಿಸಿದಳು. 1863ರಲ್ಲಿ ಪ್ರಕಟವಾದ ರಾಯಲ್ ಆಯೋಗದ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಕುಡಿಯುವ ನೀರು, ಚರಂಡಿ, ಬ್ಯಾರಕ್ಕುಗಳ ಗಾಳಿ ಬೆಳಕು ಸುಧಾರಿಸಲು ಈ ಅಂಕಿಅಂಶಗಳೇ ಆಧಾರವಾದವು.

ಆಕೆಯ ಒಂದು ಪ್ರಯತ್ನ ಮಾತ್ರ ಫಲಿಸಲಿಲ್ಲ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ದಾಖಲೆ ಇಡಬೇಕೆಂದು 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಸಲಹೆ ಕೊಟ್ಟಳು. ಸಮ್ಮೇಳನ ಒಪ್ಪಿತು. ಲಂಡನ್ನಿನ ಕೆಲವು ಆಸ್ಪತ್ರೆಗಳು ಅಳವಡಿಸಿಕೊಂಡವು. ಆದರೆ ತುಂಬುವ ಶ್ರಮ ಹೆಚ್ಚಾದ ಆ ನಮೂನೆ ಬಹುಕಾಲ ಉಳಿಯಲಿಲ್ಲ. ಈ ಸೋಲನ್ನು ನೆನಪಿಡಿ, ಮುಂದೆ ಮತ್ತೆ ಎದುರಾಗುತ್ತದೆ.

ಒಂದು ಹಾಳೆ, ಎರಡು ಗೆರೆ

ದಾಖಲೆ ಹಳೆಯದನ್ನು ವಿವರಿಸಿದರಷ್ಟೇ ಸಾಲದು, ಮುಂದೆ ಬರುವುದನ್ನೂ ಎಚ್ಚರಿಸಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಪಾರ್ಟೋಗ್ರಾಫ್, ಅಂದರೆ ಹೆರಿಗೆಯ ಪ್ರಗತಿಯ ನಕ್ಷೆ.

1954ರಲ್ಲಿ ಅಮೆರಿಕದ ವೈದ್ಯ ಇಮ್ಯಾನ್ಯುಯಲ್ ಫ್ರೀಡ್‌ಮನ್ ಗರ್ಭಕಂಠ ತೆರೆದುಕೊಳ್ಳುವ ಪ್ರಮಾಣವನ್ನು ಕಾಲದ ಎದುರು ಗುರುತಿಸಿ ವಕ್ರರೇಖೆ ಎಳೆದರು. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಅಂದಿನ ರೊಡೇಷಿಯದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಆ ಹಾಳೆಗೆ ಎರಡು ಓರೆ ಗೆರೆಗಳನ್ನು ಸೇರಿಸಿದರು. ಮೊದಲನೆಯದು ಗಂಟೆಗೆ 1 ಸೆಂಟಿಮೀಟರಿನಂತೆ ಏರುವ ಎಚ್ಚರಿಕೆಯ ಗೆರೆ. ಅದರ ಬಲಕ್ಕೆ 4 ಗಂಟೆಗಳ ಅಂತರದಲ್ಲಿ ಕ್ರಮ ಕೈಗೊಳ್ಳುವ ಗೆರೆ. ಅವರ ಸಮಸ್ಯೆ ನಮ್ಮದೇ ಆಗಿತ್ತು. ದೂರದ ಕೇಂದ್ರದಲ್ಲಿ ಒಬ್ಬಳೇ ಇರುವ ಸೂಲಗಿತ್ತಿ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಯಾವಾಗ ಕಳುಹಿಸಬೇಕು? ಗುರುತುಗಳು ಎಚ್ಚರಿಕೆಯ ಗೆರೆ ದಾಟಿದರೆ ಹೊರಡಿಸು. ಪ್ರಯಾಣಕ್ಕೆ ಸಮಯ ಸಿಗಲೆಂದೇ ಎರಡು ಗೆರೆಗಳ ನಡುವೆ ಅಂತರವಿಟ್ಟಿದ್ದರು.

ವಿಶ್ವ ಆರೋಗ್ಯ ಸಂಸ್ಥೆ ಇಂಡೊನೇಷ್ಯ, ಮಲೇಷ್ಯ, ಥಾಯ್ಲೆಂಡುಗಳಲ್ಲಿ 35,484 ಹೆರಿಗೆಗಳ ಅಧ್ಯಯನ ನಡೆಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು. ಪಾರ್ಟೋಗ್ರಾಫ್ ಬಳಸಿದ ಮೇಲೆ ಅತಿ ದೀರ್ಘ ಹೆರಿಗೆಗಳ ಪ್ರಮಾಣ ಶೇ. 6.4ರಿಂದ ಶೇ. 3.4ಕ್ಕೆ ಇಳಿದಿತ್ತು. ಕಂಪ್ಯೂಟರ್ ಇಲ್ಲ, ವಿದ್ಯುತ್ ಬೇಡ, ಬೇಕಾದದ್ದು ಒಂದು ಹಾಳೆ ಮತ್ತು ಒಂದು ಪೆನ್ನು. ಎಲ್ಲ ತಾಯಂದಿರೂ ಗಂಟೆಗೆ 1 ಸೆಂಟಿಮೀಟರಿನ ನಿಯಮಕ್ಕೆ ಹೊಂದುವುದಿಲ್ಲವೆಂದು ಮುಂದೆ ತಿಳಿದುಬಂತು. ಹಾಗಾಗಿ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಹೆರಿಗೆ ಆರೈಕೆ ಮಾರ್ಗದರ್ಶಿ' ಎಂಬ ಹೊಸ ಹಾಳೆಯನ್ನು ಹೊರತಂದಿತು. ದಾಖಲೆಯ ನಮೂನೆಯೂ ವಿಜ್ಞಾನದಂತೆಯೇ ತಿದ್ದುಪಡಿಗೆ ಒಳಪಡುತ್ತದೆ.

ಕಂಪ್ಯೂಟರಿನ ಪ್ರವೇಶ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಎಲ್ ಕಮೀನೊ ಆಸ್ಪತ್ರೆಯಲ್ಲಿ 1971ರಲ್ಲಿ ಇಡೀ ಆಸ್ಪತ್ರೆಗೆ ಕಂಪ್ಯೂಟರ್ ವ್ಯವಸ್ಥೆ ಬಂತು. ದಾದಿಯರು ವಾರ್ಡಿನಲ್ಲೇ ಪರದೆಯ ಮೇಲೆ ರೋಗಿಯ ವಿವರ ನೋಡುವಂತಾಯಿತು. 'ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್' ಎಂಬ ಮಾತು 1980ರಲ್ಲಿ ಟೋಕಿಯೊದಲ್ಲಿ ನಡೆದ ವೈದ್ಯಕೀಯ ಮಾಹಿತಿ ಸಮ್ಮೇಳನದಲ್ಲಿ ಕೇಳಿಬಂತು. 1992ರಲ್ಲಿ ಅಮೆರಿಕದ ದಾದಿಯರ ಸಂಘ ಇದನ್ನು ಒಂದು ಪ್ರತ್ಯೇಕ ಪರಿಣತಿಯೆಂದು ಮಾನ್ಯ ಮಾಡಿತು.

ಆದರೆ ಕಂಪ್ಯೂಟರಿಗೆ ಭಾಷೆ ಬೇಕು. 'ರೋಗಿ ಪರವಾಗಿಲ್ಲ' ಎಂದು ಬರೆದರೆ ಅದಕ್ಕೆ ಏನೂ ತಿಳಿಯದು. ವೈದ್ಯರ ರೋಗನಿರ್ಣಯಕ್ಕೆ ಸಂಕೇತಗಳ ಪಟ್ಟಿ ಹಿಂದಿನಿಂದಲೂ ಇತ್ತು. ದಾದಿ ಮಾಡುವ ಕೆಲಸಕ್ಕೆ, ಅಂದರೆ ಮಗ್ಗುಲು ಬದಲಿಸಿದ್ದು, ಹುಣ್ಣು ಬೀಳದಂತೆ ನೋಡಿಕೊಂಡದ್ದು, ನೋವಿನ ಮಟ್ಟ ಕೇಳಿದ್ದು, ಇವಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ ಕೆಲಸ ಲೆಕ್ಕಕ್ಕೂ ಸಿಗುವುದಿಲ್ಲ. ಈ ಕೊರತೆ ತುಂಬಲು ಹ್ಯಾರಿಯೆಟ್ ವರ್ಲಿ ಮತ್ತು ನಾರ್ಮಾ ಲ್ಯಾಂಗ್ 1980ರ ದಶಕದಲ್ಲಿ ಪ್ರತಿ ರೋಗಿಗೂ ದಾಖಲಿಸಬೇಕಾದ 16 ಅಂಶಗಳ ಕನಿಷ್ಠ ಪಟ್ಟಿಯನ್ನು ರೂಪಿಸಿದರು. ಅಂತರರಾಷ್ಟ್ರೀಯ ದಾದಿಯರ ಮಂಡಳಿ ಶುಶ್ರೂಷೆಯ ಪದಗಳ ಅಂತರರಾಷ್ಟ್ರೀಯ ವರ್ಗೀಕರಣವನ್ನೇ ಸಿದ್ಧಪಡಿಸಿತು.

1989ರಲ್ಲಿ ಗ್ರೇವ್ಸ್ ಮತ್ತು ಕಾರ್ಕೊರನ್ ಈ ಶಾಸ್ತ್ರದ ಮೂರು ಮೆಟ್ಟಿಲುಗಳನ್ನು ಗುರುತಿಸಿದರು: ದತ್ತಾಂಶ, ಮಾಹಿತಿ, ಜ್ಞಾನ. '160/110' ಎಂಬುದು ದತ್ತಾಂಶ. 'ಎರಡು ಗಂಟೆಯಲ್ಲಿ 130ರಿಂದ 160ಕ್ಕೆ ಏರಿದೆ' ಎಂಬುದು ಮಾಹಿತಿ. 'ಹೀಗೆ ಏರಿದ ಗರ್ಭಿಣಿಗೆ ಸೆಳವು ಬರಬಹುದು' ಎಂಬುದು ಜ್ಞಾನ. ನಮ್ಮ ಕಾಗಿನೆಲೆಯ ತಾಯಿಯ ಚೀಟಿಯಲ್ಲಿ ಮೊದಲ ಮೆಟ್ಟಿಲೂ ಇರಲಿಲ್ಲ ಎಂಬುದನ್ನು ಗಮನಿಸಿ.

ಬಾಡಿಗೆ ಕಾರು ಕಲಿಸಿದ ಪಾಠ

ಈ ಶಾಸ್ತ್ರದ ಒಂದು ಮುಖ್ಯ ಆವಿಷ್ಕಾರ ದಾದಿಯೊಬ್ಬಳದೇ. 1990ರ ದಶಕದ ಆರಂಭದಲ್ಲಿ ಅಮೆರಿಕದ ಟೊಪೀಕ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಸೂ ಕಿನಿಕ್ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಅಲ್ಲಿನ ನೌಕರ ಕೈಯಲ್ಲಿ ಹಿಡಿದ ಯಂತ್ರದಿಂದ ಕಾರಿನ ಪಟ್ಟೆ ಸಂಕೇತವನ್ನು ಓದಿಸುವುದನ್ನು ನೋಡಿದರು. ಕಾರಿಗೆ ಮಾಡುವುದನ್ನು ಔಷಧಕ್ಕೆ ಏಕೆ ಮಾಡಬಾರದು? ರೋಗಿಯ ಮಣಿಕಟ್ಟಿನ ಪಟ್ಟಿಗೊಂದು ಸಂಕೇತ, ಔಷಧಕ್ಕೊಂದು ಸಂಕೇತ. ಎರಡೂ ತಾಳೆಯಾದರೆ ಮಾತ್ರ ಕೊಡುವುದು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂದು ನರ್ಸಿಂಗ್ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಐದು ಸೂತ್ರಗಳನ್ನು ಯಂತ್ರವೂ ಪರೀಕ್ಷಿಸತೊಡಗಿತು.

ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಔಷಧ ಕೊಡುವಾಗಿನ ತಪ್ಪುಗಳು (ಸಮಯದ ತಪ್ಪು ಬಿಟ್ಟು) ಶೇ. 11.5ರಿಂದ ಶೇ. 6.8ಕ್ಕೆ ಇಳಿದಿದ್ದವು. ಆದರೆ 2008ರ ಇನ್ನೊಂದು ಅಧ್ಯಯನ ಐದು ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆಯನ್ನು ತಪ್ಪಿಸಿ ನಡೆಯುವ 15 ಬಗೆಯ ಅಡ್ಡದಾರಿಗಳನ್ನು ಪತ್ತೆ ಹಚ್ಚಿತ್ತು. ರೋಗಿಯ ಕೈಯಲ್ಲಿರಬೇಕಾದ ಸಂಕೇತದ ನಕಲನ್ನು ಬೇರೆಲ್ಲೋ ಅಂಟಿಸಿ ಓದಿಸುವುದು ಅವುಗಳಲ್ಲೊಂದು. ದಾದಿಯರು ಸೋಮಾರಿಗಳೆಂದಲ್ಲ. ಯಂತ್ರ ಓದದಿದ್ದಾಗ, ಪಟ್ಟಿ ಹರಿದಾಗ, ಕೆಲಸ ಮುಗಿಸಲು ಅವರಿಗೆ ಬೇರೆ ದಾರಿ ಇರಲಿಲ್ಲ. ನೈಟಿಂಗೇಲಳ ನಮೂನೆಯ ಸೋಲು ಇಲ್ಲಿ ಮತ್ತೊಂದು ರೂಪದಲ್ಲಿ ಕಾಣಿಸಿತು.

ನೀವೇ ಕೂಡಿಸಿ ನೋಡಿ

ಸರಳ ಕೂಡಿಕೆಯಿಂದ ಜೀವ ಉಳಿಸಬಹುದೆಂಬುದನ್ನು ತರಗತಿಯಲ್ಲೇ ತೋರಿಸಬಹುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ 'ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕ' ಎಂಬ ಪದ್ಧತಿ ತಂದು, 2017ರಲ್ಲಿ ಪರಿಷ್ಕರಿಸಿತು. ದಾದಿ ಹೇಗೂ ಅಳೆಯುವ ಸಂಗತಿಗಳಿಗೆ 0ಯಿಂದ 3ರವರೆಗೆ ಅಂಕ ಕೊಟ್ಟು ಕೂಡಿಸುವುದಷ್ಟೇ ಕೆಲಸ.

ರಾಣೆಬೆನ್ನೂರು ತಾಲ್ಲೂಕಿನ 60 ವರ್ಷದ ರೈತನೊಬ್ಬ ಜ್ವರವೆಂದು ಆಸ್ಪತ್ರೆಗೆ ಸೇರಿದ್ದಾನೆ ಎಂದಿಟ್ಟುಕೊಳ್ಳಿ. ಉಸಿರಾಟ ನಿಮಿಷಕ್ಕೆ 22, ಅಂಕ 2. ರಕ್ತದ ಆಮ್ಲಜನಕ ಶೇ. 95, ಅಂಕ 1. ಹೊರಗಿನಿಂದ ಆಮ್ಲಜನಕ ಕೊಡುತ್ತಿಲ್ಲ, ಅಂಕ 0. ರಕ್ತದೊತ್ತಡದ ಮೇಲಿನ ಅಂಕಿ 105, ಅಂಕ 1. ನಾಡಿ 112, ಅಂಕ 2. ಎಚ್ಚರವಾಗಿದ್ದಾನೆ, ಅಂಕ 0. ದೇಹದ ಉಷ್ಣತೆ 38.4 ಡಿಗ್ರಿ ಸೆಲ್ಸಿಯಸ್, ಅಂಕ 1. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ರೈತ ಮಾತನಾಡುತ್ತಲೂ ಇದ್ದಾನೆ. ಕೂಡಿಸಿದರೆ 7. ಒಟ್ಟು 5 ಬಂದರೆ ತುರ್ತಾಗಿ ವೈದ್ಯರನ್ನು ಕರೆಯಬೇಕು. 7 ಮತ್ತು ಅದಕ್ಕಿಂತ ಹೆಚ್ಚು ಬಂದರೆ ತುರ್ತು ಚಿಕಿತ್ಸಾ ತಂಡವೇ ಬರಬೇಕು. (ಈ ಅಂಕಪಟ್ಟಿ ಗರ್ಭಿಣಿಯರಿಗೂ 16 ವರ್ಷದೊಳಗಿನವರಿಗೂ ಅಲ್ಲ.)

ಐದು ಅಳತೆಗಳನ್ನು ಐದು ಪುಟಗಳಲ್ಲಿ ಬರೆದಿಟ್ಟರೆ ಈ 7 ಯಾರ ಕಣ್ಣಿಗೂ ಬೀಳದು. ಒಂದೇ ಹಾಳೆಯಲ್ಲಿ ಬರೆದರೆ ಅಥವಾ ಕಂಪ್ಯೂಟರ್ ತಾನೇ ಕೂಡಿಸಿದರೆ ರಾತ್ರಿ ಪಾಳಿಯ ಹೊಸ ದಾದಿಗೂ ಕಾಣುತ್ತದೆ.

ನಮ್ಮ ನಾಡಿನ ಪ್ರಯೋಗಗಳು

ಕರ್ನಾಟಕ ಈ ಕಥೆಯಲ್ಲಿ ಬರಿಯ ಪ್ರೇಕ್ಷಕನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 'ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿ'ಯ ಒಂದು ಆರಂಭಿಕ ಪ್ರಯೋಗ 2010ರಲ್ಲಿ ನಮ್ಮ ರಾಜ್ಯದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ನಡೆಯಿತು. ಕೈ ತೊಳೆಯುವುದರಿಂದ ಹಿಡಿದು ಮಗುವಿಗೆ ಮೊದಲ ಗಂಟೆಯಲ್ಲಿ ಎದೆಹಾಲು ಕುಡಿಸುವವರೆಗೆ 29 ಅಗತ್ಯ ಕ್ರಮಗಳಲ್ಲಿ ಪಟ್ಟಿ ಬರುವ ಮೊದಲು ಸರಾಸರಿ 10 ಕ್ರಮಗಳು ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ ಸರಾಸರಿ 25.

ಮುಂದೆ ತುಂಗಭದ್ರೆಯ ಆಚೆ ದಡದ ಬಳ್ಳಾರಿ ಮತ್ತು ದೂರದ ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 'ಸುಕ್ಷೇಮ' ಯೋಜನೆಯಡಿ ಇನ್ನೊಂದು ಪ್ರಯೋಗ ನಡೆಯಿತು. ಎಲ್ಲ ಕೇಂದ್ರಗಳಿಗೂ ಹೆರಿಗೆಯ ಹೊಸ ಕೇಸ್ ಶೀಟು ಮತ್ತು ತರಬೇತಿ ಕೊಟ್ಟರು. ಅರ್ಧದಷ್ಟು, ಅಂದರೆ 54 ಕೇಂದ್ರಗಳಿಗೆ ಮಾತ್ರ ಅನುಭವಿ ದಾದಿಯೊಬ್ಬರು ಮಾರ್ಗದರ್ಶಕಿಯಾಗಿ ಆಗಾಗ ಭೇಟಿ ಕೊಟ್ಟು, ಬರೆದ ಶೀಟುಗಳನ್ನು ಅಲ್ಲಿನ ದಾದಿಯರ ಜೊತೆ ಕುಳಿತು ಪರಿಶೀಲಿಸಿದರು. ಆ 54 ಕೇಂದ್ರಗಳ ದಾದಿಯರ ತಿಳಿವಳಿಕೆ ಮತ್ತು ಕೇಂದ್ರಗಳ ಸಿದ್ಧತೆ ಉಳಿದವಕ್ಕಿಂತ ಚೆನ್ನಾಗಿದ್ದವು. ಶೀಟು ಎಲ್ಲರಲ್ಲೂ ಒಂದೇ ಆಗಿತ್ತು. ವ್ಯತ್ಯಾಸ ಬಂದದ್ದು ಅದನ್ನು ಓದಿ ಮಾತನಾಡಿದವರಿಂದ.

ಬರೆದರಷ್ಟೇ ಸಾಲದು

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಹಿತವಲ್ಲದ ಫಲಿತಾಂಶಗಳನ್ನೂ ನೋಡಬೇಕು. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಕಿರಿಯ ಆರೋಗ್ಯ ಸಹಾಯಕಿಯರು ಮೊಬೈಲ್ ತಂತ್ರಾಂಶ ಹಿಡಿದು ಮನೆಮನೆಗೆ ಹೋಗಿ ಗರ್ಭಿಣಿಯರ ರಕ್ತದೊತ್ತಡ ಅಳೆದರು. ಅಪಾಯದ ಮಟ್ಟವನ್ನು ತಂತ್ರಾಂಶ ಲೆಕ್ಕ ಹಾಕುತ್ತಿತ್ತು. ಕೊನೆಗೆ ಹೋಲಿಸಿದಾಗ ತಾಯಿ ಮಕ್ಕಳ ಸಾವು ಮತ್ತು ತೀವ್ರ ತೊಂದರೆಗಳ ಒಟ್ಟು ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹೆರಿಗೆ ತಪಶೀಲು ಪಟ್ಟಿಯನ್ನು ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎರಡು ತಿಂಗಳ ಬಳಿಕ ಅಗತ್ಯ ಕ್ರಮಗಳ ಪಾಲನೆ ಪಟ್ಟಿ ಇದ್ದಲ್ಲಿ ಶೇ. 72.8, ಇಲ್ಲದಲ್ಲಿ ಶೇ. 41.7. ಆದರೆ ಸಾವು ಮತ್ತು ತೀವ್ರ ತೊಂದರೆಗಳು ಶೇ. 15.1 ಮತ್ತು ಶೇ. 15.3, ಬಹುತೇಕ ಸಮ.

ಹಾಗಾದರೆ ದಾಖಲೆ ವ್ಯರ್ಥವೆ? ಅಲ್ಲ. ಅಳತೆಯ ಹಿಂದೆ ಆರೈಕೆ ಬರಬೇಕು. ಅಪಾಯವಿದೆ ಎಂದು ತಂತ್ರಾಂಶ ಹೇಳಿದ ಮೇಲೆ ಔಷಧ, ರಕ್ತ, ಅರಿವಳಿಕೆ ತಜ್ಞ, ಶಸ್ತ್ರಕ್ರಿಯಾ ಕೊಠಡಿ ಇವು ಸಿಗದಿದ್ದರೆ ಎಚ್ಚರಿಕೆಯ ಗಂಟೆ ಬರಿದೇ ಬಾರಿಸಿದಂತೆ. ಮಾಹಿತಿ ಆರೈಕೆಗೆ ದಾರಿ ತೋರಬಲ್ಲದು, ಆರೈಕೆಯ ಜಾಗದಲ್ಲಿ ತಾನೇ ನಿಲ್ಲಲಾರದು.

ಮತ್ತೆ ಹಾವೇರಿಯ ದಾರಿಗೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಹಾವೇರಿಯಲ್ಲಿ ರೋಗಿಗಳು ಹೆದ್ದಾರಿಯ ಗುಂಟ ಸಾಗುತ್ತಾರೆ. ಹಳ್ಳಿಯಿಂದ ಬ್ಯಾಡಗಿಗೆ, ಬ್ಯಾಡಗಿಯಿಂದ ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ, ರಾಣೆಬೆನ್ನೂರಿನಿಂದ ದಾವಣಗೆರೆಗೆ. 108 ವಾಹನಗಳು 2008ರಿಂದ ಓಡುತ್ತಿವೆ. ಪ್ರತಿ ಹಂತದಲ್ಲೂ ದಾದಿ ಬದಲಾಗುತ್ತಾಳೆ. ಬದಲಾಗದೆ ಜೊತೆಗೆ ಹೋಗಬೇಕಾದದ್ದು ದಾಖಲೆ.

ಅದಕ್ಕೆ ಸಾಧನಗಳು ಒಂದೊಂದಾಗಿ ಬಂದಿವೆ. ಗರ್ಭಿಣಿಯ ಕೈಯಲ್ಲಿರುವ ತಾಯಿ ಕಾರ್ಡು ಕಾಗದದ್ದಾದರೂ ಅವಳ ಜೊತೆಗೇ ಸಾಗುತ್ತದೆ. ದೇಶದ ಆರೋಗ್ಯ ಮಾಹಿತಿ ಪೋರ್ಟಲ್ 2008ರಲ್ಲೂ ಪ್ರತಿ ಗರ್ಭಿಣಿಗೆ ಗುರುತು ಸಂಖ್ಯೆ ಕೊಡುವ ತಾಯಿ ಮಗು ಪತ್ತೆ ವ್ಯವಸ್ಥೆ 2009ರಲ್ಲೂ ಆರಂಭವಾದವು. ಎರಡನೆಯದರ ಜಾಗಕ್ಕೆ ಮುಂದೆ ಆರ್.ಸಿ.ಎಚ್. ಪೋರ್ಟಲ್ ಬಂತು. 2021ರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ಆಭಾ ಸಂಖ್ಯೆಯ ಮೂಲಕ, ರೋಗಿಯ ಒಪ್ಪಿಗೆ ಪಡೆದು, ದಾಖಲೆಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವ ದಾರಿ ತೆರೆಯಿತು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಶುಶ್ರೂಷಾ ಮಾಹಿತಿ ವಿಜ್ಞಾನ ಒಂದು ವಿಷಯವಾಗಿ ಸೇರಿದೆ.

ಆದರೆ ಒಂದೇ ಹೆಸರನ್ನು ನಾಲ್ಕು ರಿಜಿಸ್ಟರಿನಲ್ಲಿ ಬರೆದು, ಐದನೆಯ ಸಲ ಕಂಪ್ಯೂಟರಿಗೆ ತುಂಬಬೇಕಾಗಿ ಬಂದರೆ ನಾವು ಸ್ಕುಟಾರಿಯ ಮೂರು ಪುಸ್ತಕಗಳಿಗೇ ಮರಳಿದಂತೆ. ಆ ಹೊತ್ತು ರೋಗಿಯ ಪಕ್ಕದಿಂದ ಕಳೆದ ಹೊತ್ತು. ಆದ್ದರಿಂದ ಯಾವ ನಮೂನೆ ನಿಮ್ಮೆದುರು ಬಂದರೂ ಎರಡು ಪ್ರಶ್ನೆ ಕೇಳಿ: ಇದನ್ನು ಮುಂದೆ ಓದುವವರು ಯಾರು? ಓದಿದ ಮೇಲೆ ರೋಗಿಗೆ ಅವರು ಮಾಡುವುದೇನು? ಉತ್ತರವಿದ್ದರೆ ಅದು ಶುಶ್ರೂಷೆಯ ಭಾಗ. ಉತ್ತರವಿಲ್ಲದಿದ್ದರೆ ಅದು ಬರಿಯ ಬರವಣಿಗೆ.

ಕಾಗಿನೆಲೆ ಕಡೆಯ ಆ ತಾಯಿಯ ಚೀಟಿಯಲ್ಲಿ ಇರಬೇಕಾಗಿದ್ದದ್ದು ಇಷ್ಟೇ: ಎರಡು ಅಳತೆ, ಅವುಗಳ ಸಮಯ, ಔಷಧದ ಹೆಸರು, ಪ್ರಮಾಣ, ಕೊಟ್ಟ ಗಂಟೆ, ಕೊಟ್ಟವರ ಸಹಿ. ಇದು ತಾಯಿ ಕಾರ್ಡಿನ ಮೇಲಿದ್ದರೂ ಸರಿ, ಕಂಪ್ಯೂಟರಿನ ಪರದೆಯ ಮೇಲಿದ್ದರೂ ಸರಿ. ಅವಳು ಹಾವೇರಿಯ ಬಾಗಿಲಿಗೆ ಬರುವಷ್ಟರಲ್ಲಿ ಅದೂ ಬಂದಿರಬೇಕು.